ಫಸ್ಟ್ ಮ್ಯಾನ್ ನೋಡಬಹುದಾ? ನೋಡಿ, ಆದರೆ ಮೊಬೈಲಲ್ಲಿ ಬೇಡ

ನೀವು ಕೇಳಿದ್ದು ಎರಡು ವಿಷಯ. ನೀಲ್ ಆರ್ಮ್‌ಸ್ಟ್ರಾಂಗ್ ಬಗ್ಗೆ ಬಂದ 'ಫಸ್ಟ್ ಮ್ಯಾನ್' ತುಂಬಾ ನಿಧಾನ ಅಂತಾರೆ, ನೋಡಬಹುದಾ? ಅದರಲ್ಲಿ ಇರೋದೆಲ್ಲ ನಿಜವಾ?

ನಾನು ಎರಡು ಸಲ ನೋಡಿದ್ದೇನೆ. 2018ರಲ್ಲಿ ಥಿಯೇಟರಿನಲ್ಲಿ ಒಮ್ಮೆ, ಆಮೇಲೆ ಮನೆಯಲ್ಲಿ ಅಪ್ಪನ ಜೊತೆ. ಚಂದ್ರನ ಮೇಲೆ ಕಾಲಿಟ್ಟವನ ಕಥೆ ಅಂದ ಮೇಲೆ ಬಾವುಟ, ಚಪ್ಪಾಳೆ, ಜೋರು ಮಾತು ಎಲ್ಲಾ ಇರುತ್ತೆ ಅಂದುಕೊಂಡು ಕೂತರೆ ನಿಧಾನ ಅನ್ನಿಸುತ್ತೆ, ನಿಜ. ಆದರೆ ಇದು ಮಗಳನ್ನು ಕಳೆದುಕೊಂಡ ಅಪ್ಪನ ಕಥೆ. ಕ್ಯಾರನ್ ಅಂತ ಆ ಮಗು. ಮಿದುಳಲ್ಲಿ ಗೆಡ್ಡೆ. 1962ರ ಜನವರಿಯಲ್ಲಿ ತೀರಿಕೊಂಡಾಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ನಾಸಾಗೆ ಗಗನಯಾತ್ರಿಯಾಗಿ ಆಯ್ಕೆಯಾದರು. ಇದನ್ನು ತಲೆಯಲ್ಲಿಟ್ಟುಕೊಂಡು ನೋಡಿ, ಆ ಮನುಷ್ಯ ಯಾಕೆ ಅಷ್ಟು ಕಮ್ಮಿ ಮಾತಾಡ್ತಾರೆ ಅನ್ನೋದು ಯಾರೂ ಹೇಳದೆ ಗೊತ್ತಾಗುತ್ತೆ.

ನನಗೆ ಜಾಸ್ತಿ ಹಿಡಿಸಿದ್ದು ಜೆಮಿನಿ 8 ಅನ್ನೋ ಬಾಹ್ಯಾಕಾಶ ನೌಕೆಯ ಭಾಗ. 1966ರ ಮಾರ್ಚ್ 16. ರಾಕೆಟ್ ತುದಿಯಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರ ಇಬ್ಬರೂ ಅಂಗಾತ ಮಲಗಿರುತ್ತಾರೆ, ಒಬ್ಬರ ಬೆಲ್ಟಿನ ಬಕಲ್ ಸಿಕ್ಕಿಕೊಳ್ಳುತ್ತೆ, ಅದನ್ನು ಬಿಡಿಸೋಕೆ ಕೆಲಸದವರು ಜೇಬಿನ ಚಾಕು ಯಾರ ಹತ್ತಿರ ಇದೆ ಅಂತ ಕೇಳ್ತಾರೆ. ಬಾಗಿಲು ಮುಚ್ಚಿದ ಮೇಲೆ ಕ್ಯಾಮೆರಾ ಹೊರಗೆ ಹೋಗುವುದೇ ಕಮ್ಮಿ. ಬರೀ ಶಬ್ದ. ಘಾಟಿ ಹತ್ತುವ ಹಳೇ ಬಸ್ಸಿನ ತಗಡು ಕಿರುಗುಟ್ಟುತ್ತಲ್ಲ, ಹಾಗೆ. ನಾವು ಫೋಟೋದಲ್ಲಿ ನೋಡಿ ಬೆರಗಾಗುವ ಆ ನೌಕೆ ಒಳಗಿನಿಂದ ಬರೀ ತಗಡು, ನಟ್ಟು, ಬೋಲ್ಟು.

ಮುಂದೆ ನಡೆಯುವುದೆಲ್ಲ ಚರಿತ್ರೆಯೇ. ಅಜೀನಾ ಅನ್ನುವ ಇನ್ನೊಂದು ನೌಕೆಗೆ ಜೋಡಿಸಿಕೊಂಡರು. ಬಾಹ್ಯಾಕಾಶದಲ್ಲಿ ಎರಡು ನೌಕೆ ಜೋಡಣೆಯಾಗಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಎರಡೂ ಸೇರಿ ತಿರುಗೋಕೆ ಶುರು. ತೊಂದರೆ ಅಜೀನಾದ್ದು ಅಂತ ಬಿಡಿಸಿಕೊಂಡರೆ ತಿರುಗುವುದು ಇನ್ನೂ ಜೋರಾಯಿತು, ಯಾಕೆಂದರೆ ಕೆಟ್ಟಿದ್ದು ತಮ್ಮದೇ ನೌಕೆಯ ಒಂದು ಥ್ರಸ್ಟರ್, ಅಂದರೆ ನೌಕೆಯನ್ನು ಅತ್ತಿತ್ತ ತಿರುಗಿಸುವ ಸಣ್ಣ ಎಂಜಿನ್. ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಸುತ್ತು! ಕಣ್ಣು ಮಂಜಾಗುತ್ತಿದ್ದ ಆ ಹೊತ್ತಲ್ಲಿ ಆರ್ಮ್‌ಸ್ಟ್ರಾಂಗ್ ಆ ಥ್ರಸ್ಟರುಗಳನ್ನೆಲ್ಲ ಆಫ್ ಮಾಡಿ, ಭೂಮಿಗೆ ಮರಳೋಕೆ ಅಂತ ಇಟ್ಟಿದ್ದ ಥ್ರಸ್ಟರುಗಳಿಂದ ನೌಕೆಯನ್ನು ಹಿಡಿತಕ್ಕೆ ತಂದರು. ಅವನ್ನು ಒಮ್ಮೆ ಬಳಸಿದರೆ ವಾಪಸ್ ಬರಲೇಬೇಕು ಅನ್ನೋದು ನಿಯಮ. ಅರ್ಧಕ್ಕೇ ಬಂದು ಪೆಸಿಫಿಕ್ ಸಮುದ್ರಕ್ಕೆ ಇಳಿದರು. ಇತ್ತ ಮನೆಯಲ್ಲಿ ಹೆಂಡತಿ ಜಾನೆಟ್, ನೌಕೆಯ ಮಾತು ಕೇಳಿಸುವ ಪೆಟ್ಟಿಗೆ ಮುಂದೆ ಕೂತಿದ್ದರೆ, ನಾಸಾದವರು ಆ ಧ್ವನಿಯನ್ನೇ ನಿಲ್ಲಿಸಿದರು. ಅದೂ ನಡೆದಿದ್ದೇ.

ಎಲ್ಲಾ ಹಾಗಿಲ್ಲ. ಮೊದಲ ದೃಶ್ಯದಲ್ಲಿ ಆರ್ಮ್‌ಸ್ಟ್ರಾಂಗ್ ಹಾರಿಸುವ ಎಕ್ಸ್-15 ಅನ್ನೋ ರಾಕೆಟ್ ವಿಮಾನ ವಾತಾವರಣದ ಮೇಲಿಂದ ಜಾರಿ ಕೆಳಗೆ ಬರಲು ಒಪ್ಪದ ಘಟನೆಯನ್ನು ಮಗಳು ಬದುಕಿದ್ದಾಗ ಅಂತ ತೋರಿಸಿದ್ದಾರೆ. ನಡೆದಿದ್ದು 1962ರ ಏಪ್ರಿಲ್‌ನಲ್ಲಿ, ಮಗು ಹೋಗಿ ಮೂರು ತಿಂಗಳಿಗೆ. ಇನ್ನು ಚಂದ್ರನ ಮೇಲಿನ ಕೈಬಳೆ (ನೋಡದವರು ಮುಂದಿನ ಎರಡು ಸಾಲು ಬಿಟ್ಟುಬಿಡಿ). ಯೋಜನೆಯಲ್ಲಿ ಇಲ್ಲದಿದ್ದರೂ ಅವರು ಸುಮಾರು 60 ಮೀಟರ್ ದೂರದ ಒಂದು ಕುಳಿಯ ಅಂಚಿಗೆ ಒಬ್ಬರೇ ಹೋಗಿದ್ದು ನಿಜ. ಅಲ್ಲಿ ಮಗಳ ಬಳೆ ಬಿಟ್ಟು ಬಂದರು ಅನ್ನೋಕೆ ಪುರಾವೆ ಇಲ್ಲ. ನನಗಂತೂ ಆ ಕಲ್ಪನೆ ಸುಳ್ಳು ಅನ್ನಿಸಲಿಲ್ಲ.

ಇನ್ನೊಂದು ದೃಶ್ಯ ಹೇಳಲೇಬೇಕು. ಅಪೊಲೊ 11ಕ್ಕೆ ಹೊರಡುವ ಮುಂಚೆ, ವಾಪಸ್ ಬರದೇ ಇರಬಹುದು ಅಂತ ಮಕ್ಕಳಿಗೆ ನೀನೇ ಹೇಳು ಅಂತ ಜಾನೆಟ್ ಹಟ ಹಿಡಿಯುತ್ತಾರೆ. ಊಟದ ಟೇಬಲ್ಲು. ಪತ್ರಕರ್ತರಿಗೆ ಉತ್ತರ ಕೊಟ್ಟ ಹಾಗೆ ಅಪ್ಪ ಉತ್ತರ ಕೊಡ್ತಾನೆ. ಚಿಕ್ಕವನು ಅಪ್ಪಿಕೊಳ್ತಾನೆ, ದೊಡ್ಡವನು ಕೈ ಮುಂದೆ ಚಾಚಿ ಕೈಕುಲುಕ್ತಾನೆ, ಅಷ್ಟೇ. ಅಲ್ಲಿವರೆಗೆ ಸುಮ್ನೆ ಕೂತಿದ್ದ ನಮ್ಮಪ್ಪ ಆಗ ಬಾಯಿ ಬಿಟ್ಟರು. ಚಂದ್ರನ ಮೇಲೆ ಮೊದಲ ಹೆಜ್ಜೆ ಬಿದ್ದಾಗ ನಮ್ಮಲ್ಲಿ ಜುಲೈ 21ರ ಬೆಳಗ್ಗೆ 8:26, ಅವರೆಲ್ಲ ರೇಡಿಯೋ ಸುತ್ತ ಸೇರಿದ್ದರಂತೆ. "ಆಯಪ್ಪನಿಗೂ ಮನೇಲಿ ಮಕ್ಕಳಿದ್ದಾರೆ ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡು" ಅಂದರು.

ನೋಡುವುದಾದರೆ ದೊಡ್ಡ ಪರದೆ, ಒಳ್ಳೆ ಸ್ಪೀಕರ್ ಇರಲಿ. 2 ಗಂಟೆ 21 ನಿಮಿಷ ಇದೆ, ಕ್ಯಾಮೆರಾ ತುಂಬಾ ಅಲುಗುತ್ತೆ, ತಲೆ ಸುತ್ತುವವರು ಸ್ವಲ್ಪ ಹಿಂದೆ ಕೂರಿ. ರೇಡಿಯೋ ಮಾತು ಸರಿಯಾಗಿ ಕೇಳಿಸಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ. ಚಂದ್ರನ ಮೇಲೆ ಇಳಿದು ನೌಕೆಯ ಬಾಗಿಲು ತೆರೆದ ತಕ್ಷಣ ಎಲ್ಲಾ ಶಬ್ದ ಒಮ್ಮೆಲೇ ನಿಂತುಹೋಗುತ್ತೆ. ಅದಕ್ಕೆ ಸ್ವಲ್ಪ ಮುಂಚೆ ಎದ್ದು ಮನೆಯ ಫ್ಯಾನ್ ಆಫ್ ಮಾಡಿಬಿಡಿ.