ಗೆಲಾಕ್ಸಿ ಗುಚ್ಛದ ಬಿಸಿ ಅನಿಲ ಯಾಕೆ ಪೂರ್ತಿ ತಣ್ಣಗಾಗುವುದಿಲ್ಲ?

ಕುಂಬಳೆಯ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಗುಚ್ಛದ (ಗುರುತ್ವ ಒಟ್ಟಿಗೆ ಹಿಡಿದಿಟ್ಟ ನೂರಾರು ಗೆಲಾಕ್ಸಿಗಳ ದೊಡ್ಡ ಗುಂಪು) ಅನಿಲ ಎಕ್ಸ್-ರೇ ಸೂಸುತ್ತಾ ಶಾಖ ಕಳೆದುಕೊಳ್ಳುತ್ತದೆ. ಹಾಗಾದರೆ ತಣ್ಣಗಾಗಬೇಕಲ್ವಾ?

ತಣ್ಣಗಾಗುತ್ತದೆ, ಆದರೆ ಅಂದುಕೊಂಡಷ್ಟು ಅಲ್ಲ. ಗೆಲಾಕ್ಸಿಗಳ ನಡುವೆ ತುಂಬಿರುವ ಈ ಅನಿಲದ ಬಿಸಿ ಸುಮಾರು 1 ಕೋಟಿಯಿಂದ 10 ಕೋಟಿ ಡಿಗ್ರಿ. ಗುರುತ್ವಕ್ಕೆ ಸಿಕ್ಕಿ ಒಳಗೆ ಬಿದ್ದು, ಒಂದಕ್ಕೊಂದು ಅಪ್ಪಳಿಸಿ ಬಂದ ಬಿಸಿ ಇದು. ದಟ್ಟಣೆ ಎರಡು ಪಟ್ಟಾದರೆ ಎಕ್ಸ್-ರೇ ಹೊಳಪು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ದಟ್ಟವಾದ ನಡುಭಾಗವೇ ಜಾಸ್ತಿ ಹೊಳೆಯುತ್ತದೆ, ಬೇಗ ಶಾಖವನ್ನೂ ಕಳೆದುಕೊಳ್ಳುತ್ತದೆ. ಲೆಕ್ಕದ ಪ್ರಕಾರ ಕೆಲವು ಗುಚ್ಛಗಳಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣ್ಣಗಾಗಬೇಕು. ಆದರೆ ಎಕ್ಸ್‌ಎಂಎಂ-ನ್ಯೂಟನ್ ಎಂಬ ಬಾಹ್ಯಾಕಾಶದ ಎಕ್ಸ್-ರೇ ದೂರದರ್ಶಕ ಹುಡುಕಿದಾಗ ಅಷ್ಟು ತಣ್ಣನೆಯ ಅನಿಲ ಸಿಗಲೇ ಇಲ್ಲ.

ಅಂದರೆ ಅಲ್ಲಿ ಒಲೆ ಉರಿಯುತ್ತಲೇ ಇದೆ. ನಮ್ಮ ಕಡೆ ಬಚ್ಚಲ ಹಂಡೆಯ ನೀರು ಆರುತ್ತಾ ಬಂದರೆ ಇನ್ನೊಂದು ಮಡಲು ತುರುಕುತ್ತೇವೆ ನೋಡಿ, ಹಾಗೆಯೇ. ಇಲ್ಲಿ ಒಲೆ ಎಂದರೆ ನಡುವಿನ ಗೆಲಾಕ್ಸಿಯ ದೈತ್ಯ ಕಪ್ಪುಕುಳಿ. ತಣ್ಣಗಾದ ಅನಿಲ ಅದರೊಳಗೆ ಬಿದ್ದಾಗ ಎರಡು ಬದಿಗೂ ಧಾರೆಗಳು ಚಿಮ್ಮುತ್ತವೆ. ಅವು ಸುತ್ತಲಿನ ಅನಿಲವನ್ನು ತಳ್ಳಿ ದೊಡ್ಡ ಗುಳ್ಳೆಗಳನ್ನು ಮಾಡುತ್ತವೆ, ಬಿಸಿಯನ್ನೂ ಕೊಡುತ್ತವೆ. ಅನಿಲ ಬಿಸಿಯಾದರೆ ಕಪ್ಪುಕುಳಿಗೆ ಆಹಾರ ಕಡಿಮೆ, ಉರಿಯೂ ಇಳಿಯುತ್ತದೆ. ಆಮೇಲೆ ಮತ್ತೆ ಶುರು.

ಪರ್ಸಿಯಸ್ ಗುಚ್ಛವನ್ನು ಚಂದ್ರಾ ಎಂಬ ಇನ್ನೊಂದು ಎಕ್ಸ್-ರೇ ದೂರದರ್ಶಕ ತೆಗೆದ ಚಿತ್ರದಲ್ಲಿ ಒಮ್ಮೆ ನೋಡಿ. ನಡುವೆ ಕಪ್ಪು ಗುಳ್ಳೆಗಳು, ಸುತ್ತಲೂ ಕೆರೆಗೆ ಕಲ್ಲೆಸೆದಂತೆ ಅಲೆಗಳು. ನನಗೆ ಎಷ್ಟು ನೋಡಿದರೂ ಸಾಲದು. 2003ರಲ್ಲಿ ಖಗೋಳ ವಿಜ್ಞಾನಿಗಳು ಇವನ್ನು ಶಬ್ದದ ಅಲೆಗಳೆಂದು ಗುರುತಿಸಿದರು.

ಗೆಲಾಕ್ಸಿಗಳ ಚಿಕ್ಕ ಗುಂಪುಗಳಲ್ಲಿ ಗುರುತ್ವದ ಹಿಡಿತ ಕಡಿಮೆ. ಅಲ್ಲಿ ಇದೇ ಉರಿ ಅನಿಲವನ್ನು ಹೊರಕ್ಕೆ ಉಬ್ಬಿಸಿ ತೆಳುವಾಗಿಸುತ್ತದೆ. ಅದಕ್ಕೇ ಅವು ಎಕ್ಸ್-ರೇಯಲ್ಲಿ ನಿರೀಕ್ಷೆಗಿಂತ ಮಂಕಾಗಿ ಕಾಣುತ್ತವೆ.