ಕಾರಿನ ಆಟೋ ಎಸಿ 24ಕ್ಕೆ ಇಟ್ಟರೂ ಬಿಸಿ ಗಾಳಿ: ಕ್ಯಾಬಿನ್ ಸೆನ್ಸರ್ ಕೆಟ್ಟಿದೆಯಾ?

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಕಾರಿನ ಆಟೋ ಎಸಿ (ಇಟ್ಟ ಡಿಗ್ರಿಗೆ ತಾನೇ ಹೊಂದಿಸಿಕೊಳ್ಳುವ ಎಸಿ) 24 ಡಿಗ್ರಿಗೆ ಇಟ್ಟರೂ ಬಿಸಿ ಗಾಳಿ ಬರುತ್ತದೆ, ಗ್ಯಾಸ್ ತುಂಬಿಸಬೇಕಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಹಾಕಬೇಡಿ. ಮೊದಲು ‘ಲೋ’ಗೆ, ಅಂದರೆ ಅತಿ ತಣ್ಣನೆಯ ಸೆಟ್ಟಿಂಗಿಗೆ ಇಳಿಸಿ. ಗಾಳಿ ಚೆನ್ನಾಗಿ ತಣ್ಣಗಾದರೆ ಗ್ಯಾಸ್, ಕಂಪ್ರೆಸರ್ ಬಹುತೇಕ ಸರಿಯಿವೆ. ಅನುಮಾನ ಕ್ಯಾಬಿನ್ ಸೆನ್ಸರ್, ಅಂದರೆ ಕಾರಿನೊಳಗಿನ ಬಿಸಿ ಅಳೆಯುವ ಸೆನ್ಸರ್ ಮೇಲೆ.

ಅದು ಡ್ಯಾಶ್‌ಬೋರ್ಡಿನ ಪುಟ್ಟ ಜಾಲರಿಯ ಹಿಂದೆ ಇರುತ್ತದೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ. ವೈರ್ ಕಿತ್ತುಹೋದರೆ ಒಳಗೆ ಕೊರೆಯುವ ಚಳಿಯಿದೆ ಅಂತ ತಿಳಿದು ಎಸಿ ಬಿಸಿ ಗಾಳಿ ಬಿಡಬಹುದು. ಆಗ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಹೆಚ್ಚಾಗಿ -40 ಡಿಗ್ರಿ ಕಾಣುತ್ತದೆ. ಕನೆಕ್ಟರ್ ಸಡಿಲವಾದರೂ ಹಾಗೇ, ಅದನ್ನು ಮೊದಲು ನೋಡಿ.

ರಾತ್ರಿಯಿಡೀ ನೆರಳಲ್ಲಿ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನ್ ಮಾಡಿಸಿ. ಒಳಗಿನ, ಹೊರಗಿನ ಸೆನ್ಸರ್‌ಗಳು ಹೆಚ್ಚುಕಡಿಮೆ ಒಂದೇ ಡಿಗ್ರಿ ತೋರಿಸಬೇಕು. ನನ್ನ ಪ್ರಕಾರ ಇದೇ ನಂಬಿಕಸ್ಥ ಪರೀಕ್ಷೆ.

ನಮ್ಮ ಕಡೆ ಧೂಳು ಜಾಸ್ತಿ, ಅಲ್ವಾ? ಎಸಿ ಓಡುವಾಗ ಜಾಲರಿಗೆ ಟಿಶ್ಯೂ ಚೂರು ಹಿಡಿಯಿರಿ. ಒಳಗೆ ಗಾಳಿ ಎಳೆಯುವ ಮಾದರಿಯಾದರೆ ಅದು ಅಂಟಿಕೊಳ್ಳಬೇಕು. ಅಂಟದಿದ್ದರೆ ಜಾಲರಿ ಕಟ್ಟಿದೆ, ಇಲ್ಲವೇ ಹಿಂದಿನ ಪೈಪ್ ಕಳಚಿದೆ.

ಕೊನೆಗೆ ಸೆನ್ಸರ್ ಬಿಚ್ಚಿ, ಮಲ್ಟಿಮೀಟರ್ ಹಚ್ಚಿ, ಹೇರ್ ಡ್ರೈಯರ್‌ನಿಂದ ಮೆಲ್ಲಗೆ ಕಾಯಿಸಿ. ಓಮ್ಸ್ (ರೆಸಿಸ್ಟೆನ್ಸಿನ ಅಳತೆ) ಒಂದೇ ಸಮ ಇಳಿಯಬೇಕು. ಜಿಗಿದಾಡಿದರೆ ಅಥವಾ ಅಲುಗಾಡದಿದ್ದರೆ ಹೊಸದು ಹಾಕಿಸಿ.