ಊಟದ ಹಾಲ್ ಅನ್ನೇ ಕೆಲಸ ಮಾಡುವ ಜಾಗವಾಗಿಯೂ ಬಳಸುವ ಹಾಗೆ ಆಫೀಸನ್ನು ಹೇಗೆ ರೂಪಿಸಬೇಕು?

ಖಂಡಿತ ಮಾಡಬಹುದು. ಆದರೆ ಮೇಜು, ಕುರ್ಚಿ ಆರಿಸುವ ಮೊದಲು ಸದ್ದು ಮತ್ತು ವಾಸನೆಯ ಬಗ್ಗೆ ಯೋಚಿಸಿ. ಟೈಲ್ಸ್ ನೆಲ, ಗಾಜಿನ ಗೋಡೆ ಇರುವ ಕಡೆ ಒಂದು ಚಮಚ ಬಿದ್ದರೂ ಎಲ್ಲರೂ ತಿರುಗಿ ನೋಡುತ್ತಾರೆ, ಅಲ್ವಾ? ಸೀಲಿಂಗಿಗೆ ಸದ್ದು ಹೀರುವ ಪ್ಯಾನೆಲ್ ಹಾಕಿಸಿ, ಕುರ್ಚಿ ಕಾಲುಗಳಿಗೆ ರಬ್ಬರ್ ಬುಷ್ ಹಾಕಿಸಿ. ಊಟ ಬಿಸಿ ಮಾಡುವ ಮೂಲೆಗೆ ಬೇರೆಯೇ ಎಕ್ಸಾಸ್ಟ್ ಫ್ಯಾನ್ ಇರಲಿ. ಅಲ್ಲಿನ ಗಾಳಿ ಹೊರಗೇ ಹೋಗಬೇಕು, ಹಾಲ್ ಒಳಗೆ ಸುತ್ತಬಾರದು.

ಮೇಜುಗಳು ಮಡಚುವಂಥವಾಗಿರಲಿ, ಚಕ್ರಗಳಿಗೆ ಬ್ರೇಕ್ ಇರಲಿ. ಸುಮಾರು 75 ಸೆಂ.ಮೀ. ಎತ್ತರ ಊಟಕ್ಕೂ ಲ್ಯಾಪ್‌ಟಾಪಿಗೂ ಹೊಂದುತ್ತದೆ. ಊಟಕ್ಕೆ ಒಬ್ಬರಿಗೆ 60 ಸೆಂ.ಮೀ. ಸಾಕು, ಕೆಲಸಕ್ಕೆ ಇನ್ನೂ ಜಾಸ್ತಿ ಬೇಕು. ಮಡಚಿದ ಮೇಜುಗಳನ್ನು ಇಡಲು ಒಂದು ಜಾಗ ಮೊದಲೇ ತೆಗೆದಿಡಿ. ಇದನ್ನು ತುಂಬಾ ಜನ ಮರೆಯುತ್ತಾರೆ, ಆಮೇಲೆ ಮೇಜುಗಳು ಇದ್ದಲ್ಲೇ ಉಳಿಯುತ್ತವೆ. ವೀಲ್‌ಚೇರ್ ಸಲೀಸಾಗಿ ಹೋಗಲು ಕನಿಷ್ಠ 90 ಸೆಂ.ಮೀ. ದಾರಿ ಬಿಡಿ.

ಗೋಡೆ ತೆಗೆದ ಮಾತ್ರಕ್ಕೆ ಜನ ಬೆರೆಯುವುದಿಲ್ಲ. ಸಂಶೋಧಕರಾದ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಆಫೀಸಿಗೆ ಬದಲಾದ ಮೇಲೆ ಮುಖಾಮುಖಿ ಮಾತುಕತೆ ಸುಮಾರು 70% ಕಡಿಮೆಯಾಗಿತ್ತು. ಹಾಗಾಗಿ ಆರಾಮಾಗಿ ಮಾತಾಡಲು ಪಕ್ಕದಲ್ಲೇ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದೆರಡು ಸಣ್ಣ ರೂಮು ಕೊಡಿ. ಊಟದ ಹೊತ್ತಿನಲ್ಲಿ ಮಾತ್ರ ಹಾಲ್‌ನಲ್ಲಿ ಮೀಟಿಂಗ್ ಇಡಲೇಬೇಡಿ.